ಹ್ಯಾಂಡಲ್ಲಿಗೆ ಕಟ್ಟಿದ ಹಳದಿ ಗಂಟು

ನನ್ನ ಸೈಕಲ್ಲು ನಮ್ಮ ನಡುಮನೆಯಲ್ಲಿ ಎರಡು ವರ್ಷ ಬಟ್ಟೆ ಒಣಗಿಸುವ ಕೆಲಸ ಮಾಡಿತು. ಹ್ಯಾಂಡಲ್ಲಿನ ಎಡಕ್ಕೆ ನನ್ನ ಟವೆಲ್ಲು, ಬಲಕ್ಕೆ ಅವ್ವನ ಸೀರೆ, ನಡುವೆ ನನ್ನ ಹಳೆಯ ಆಫೀಸು ಚೀಲ, ಸೀಟಿನ ಮೇಲೆ ಮಡಿಸಿಟ್ಟ ಕಂಬಳಿ, ಕ್ಯಾರಿಯರ್ ಮೇಲೆ ಈರುಳ್ಳಿ ಮೂಟೆ. ಆಯುಧಪೂಜೆಯ ದಿನ ಮಾತ್ರ ಹಿಂದಿನ ಮಡ್‌ಗಾರ್ಡಿಗೆ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದೆ. (ಮುಂಭಾಗವು ಬಟ್ಟೆಗಳ ಸ್ವಾಧೀನದಲ್ಲಿದ್ದುದರಿಂದ ಪೂಜೆಯೆಲ್ಲ ಹಿಂಭಾಗಕ್ಕೇ ಸಲ್ಲುತ್ತಿತ್ತು.) ಚಕ್ರವನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಬೇಕಲ್ಲ, ಅಷ್ಟು ದೂರವೂ ಸೈಕಲ್ಲನ್ನು ತಳ್ಳಲು ಮನಸ್ಸಾಗದೆ ಹಣ್ಣನ್ನು ಕೈಯಲ್ಲೇ ಹಿಸುಕಿ ಶಾಸ್ತ್ರ ಮುಗಿಸುತ್ತಿದ್ದೆ.

ನಾನು ನೀಲಕಂಠಸ್ವಾಮಿ, ಗುಂಡ್ಲುಪೇಟೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಹಿಂದೆ ಬಹಳ ವರ್ಷ ಬೇಗೂರಿನ ಸೊಸೈಟಿಯಲ್ಲಿದ್ದೆ. ದಿನಾ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೆ. ಮೈಸೂರು ರಸ್ತೆಯಲ್ಲಿ ಎದುರುಗಾಳಿ, ಕಿವಿಯ ಪಕ್ಕದಲ್ಲೇ ಹಾರನ್ ಹೊಡೆಯುವ ಕೇರಳದ ಲಾರಿಗಳು, ಎರಡೂ ಕಡೆ ಸೂರ್ಯಕಾಂತಿ ಹೊಲ. ಬೇಗೂರಿನವರು ನನ್ನನ್ನು ಸೈಕಲ್ ಸ್ವಾಮಿಗಳು ಎಂದೇ ಕರೆಯುತ್ತಿದ್ದರು. ನನ್ನ ತಲೆ ಕಂಡರೆ ಹೋಟೆಲಿನವನು ಗೋಡೆ ಗಡಿಯಾರ ತಿದ್ದಿಕೊಳ್ಳುತ್ತಿದ್ದ. (ಆ ಗಡಿಯಾರ ಯಾವತ್ತೂ ಸರಿಯಿರಲಿಲ್ಲ ಎನ್ನುವುದು ಬೇರೆ ಮಾತು.)

ಆಮೇಲೆ ಗುಂಡ್ಲುಪೇಟೆಗೇ ವರ್ಗವಾಯಿತು. ಹೊಸ ಆಫೀಸು ನಮ್ಮ ಬೀದಿಯ ಕೊನೆಯಲ್ಲಿ. ಮನೆಯಿಂದ ಕೂಗಿದರೆ ಆಫೀಸಿಗೆ ಕೇಳಿಸುತ್ತದೆ. (ನನ್ನ ಹೆಂಡತಿ ಕೂಗುತ್ತಾಳೆ, ಎಲ್ಲರಿಗೂ ಕೇಳಿಸುತ್ತದೆ.) ಬೇಗೂರಿನ ಕೊನೆಯ ದಿನಗಳಲ್ಲಿ ಮಂಡಿಯೂ ಸ್ವಲ್ಪ ಹಿಡಿದುಕೊಂಡಿತ್ತು, ಅದೊಂದು ನೆಪವಾಯಿತು. ಮಂಡಿ ವಾಸಿಯಾಗಲಿ, ಆಮೇಲೆ ತುಳಿಯೋಣ ಎಂದುಕೊಂಡೆ. ಮಂಡಿ ವಾಸಿಯಾಯಿತು. ಮಳೆ ನಿಲ್ಲಲಿ ಎಂದುಕೊಂಡೆ. ಮಳೆ ನಿಂತಿತು. ಸೈಕಲ್ ತುಳಿಯುವುದು ನನ್ನ ರಕ್ತದಲ್ಲೇ ಇರುವ ಉತ್ಸಾಹ ಎಂದು ಇಷ್ಟು ವರ್ಷ ಜಂಬಪಟ್ಟಿದ್ದೆ. ಅದು ನನ್ನ ಉತ್ಸಾಹವಲ್ಲ, ಬೇಗೂರಿನ ಆಫೀಸಿನ ಉತ್ಸಾಹ ಎಂದು ನಿಧಾನವಾಗಿ ಗೊತ್ತಾಯಿತು.

ಹೀಗಿರುವಾಗ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಬೇಗೂರಿನ ಮರಿಮಲ್ಲಪ್ಪ ಸಿಕ್ಕಿದ. ನನ್ನನ್ನು ಮುಖದಿಂದ ಕೆಳಗೆ ನೋಡುತ್ತಾ ಬಂದು ಹೊಟ್ಟೆಯ ಹತ್ತಿರ ನಿಂತ. ಅಲ್ಲಿ ಸಾಕಷ್ಟು ಹೊತ್ತು ನಿಂತ.

"ಬುದ್ಧಿ, ನಮ್ಮ ಸೈಕಲ್ ಸ್ವಾಮ್ಗಳು ನಿಮ್ಮಣ್ಣೋರಾ? ಮೊಕ ಅಂಗೇ ಅದೆ," ಎಂದ. "ಈಗ ಎಲ್ಲವ್ರೆ ಅವ್ರು? ಚೆಂದಾಗವ್ರಾ?"

ಚೆನ್ನಾಗಿದ್ದಾರೆ ಎಂದುಬಿಟ್ಟೆ. ಕೇಳಿದೆ ಅಂತ ಹೇಳಿ ಎಂದು ಹೊರಟುಹೋದ. ಅವತ್ತು ಮನೆಗೆ ಬಂದು ಮುದ್ದೆ ಮುರಿದರೂ ಗಂಟಲಲ್ಲಿ ಇಳಿಯಲಿಲ್ಲ. ಬದುಕಿರುವಾಗಲೇ ನಾನು ನನ್ನ ತಮ್ಮನಾಗಿಬಿಟ್ಟಿದ್ದೆ. ಹೇಗಾದರೂ ಮಾಡಿ ಆ ಅಣ್ಣನನ್ನು ವಾಪಸು ತರಬೇಕು ಎಂದು ಅವತ್ತೇ ನಿರ್ಧರಿಸಿದೆ.

ನಿರ್ಧರಿಸುವುದರಲ್ಲಿ ನಾನು ಗಟ್ಟಿಗ. ಆಫೀಸಿನ ನಿಂಗರಾಜು ಹತ್ತಿರ ಉಪಾಯ ಕೇಳಿದೆ. ಅವನು ಆ ವರ್ಷವೇ ಮೊಪೆಡ್ ತೆಗೆದುಕೊಂಡು ಸೈಕಲ್ಲಿನ ವಿಚಾರದಲ್ಲಿ ದೊಡ್ಡ ಜ್ಞಾನಿಯಾಗಿದ್ದ. ಸೀಟು ಮೆತ್ತಗಿದ್ದರೆ ಹತ್ತಲು ಮನಸ್ಸು ಬರುತ್ತದೆ ಎಂದ. ಕುಚ್ಚು ಬಿಟ್ಟ ಕೆಂಪು ಮಖಮಲ್ಲಿನ ಸೀಟ್ ಕವರ್ ತಂದು ಹಾಕಿದೆ. ಹತ್ತಲು ಮನಸ್ಸು ಬಂದದ್ದು ನಮ್ಮ ಬೆಕ್ಕಿಗೆ. ಅದು ಅಲ್ಲೇ ವಾಸ ಹೂಡಿತು. ಆಮೇಲೆ ಅಲಾರಂ ಇಟ್ಟುಕೊಳ್ಳಿ ಎಂದ. ಅಲಾರಂ ಹೊಡೆದಾಗ ನನ್ನೊಬ್ಬನನ್ನು ಬಿಟ್ಟು ಮನೆಯವರೆಲ್ಲ ಎದ್ದರು. ಎದ್ದ ನನ್ನ ಹೆಂಡತಿ ನನ್ನನ್ನೂ ಎಬ್ಬಿಸಿ ಹಾಲಿಗೆ ಕಳಿಸಿದಳು. ನಡೆದುಕೊಂಡೇ ಹೋದೆ.

ನನ್ನ ಹೆಂಡತಿ ನಾಗಲಕ್ಷ್ಮಿಯ ಬಗ್ಗೆ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅವಳನ್ನು ಇದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹಂಗಳದವರೆಗೆ ಹೋಗಿ, ಅಲ್ಲಿಂದ ನಡೆದು ಗೋಪಾಲಸ್ವಾಮಿ ಬೆಟ್ಟ ಹತ್ತಿದ್ದೆ. ಆಗ ಅವಳು ನನ್ನ ಅಂಗಿ ಹಿಡಿದುಕೊಂಡು ಕೂರುತ್ತಿದ್ದಳು. ಈಗ ನನ್ನ ತಪ್ಪು ಹಿಡಿದುಕೊಂಡು ಕೂರುತ್ತಾಳೆ. ಅವಳಿಗೆ ಬಹಳ ದಿನದಿಂದ ಆ ಸೈಕಲ್ಲಿನ ಜಾಗದಲ್ಲಿ ಹೊಲಿಗೆ ಮಿಷನ್ ಇಡಬೇಕೆಂಬ ಆಸೆ. ಅಷ್ಟರಲ್ಲಿ ಅವಳ ತಮ್ಮ ಬಸವಪ್ರಸಾದನಿಗೆ ಬದನಗುಪ್ಪೆಯ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸವಾಯಿತು. ರೂಮಿನಿಂದ ಫ್ಯಾಕ್ಟರಿಗೆ ಹೋಗಲು ಅವನಿಗೆ ಸೈಕಲ್ ಬೇಕಾಯಿತು. ನಾಗಲಕ್ಷ್ಮಿ ಒಂದೇ ಏಟಿಗೆ ಎರಡನ್ನೂ ಇತ್ಯರ್ಥ ಮಾಡಿದಳು.

"ನೋಡ್ರೀ, ಶ್ರಾವಣ ಮುಗಿಯೋವರೆಗೂ ಕಾಯ್ತೀನಿ. ಅಷ್ಟರೊಳಗೆ ನೀವು ಹತ್ತಿದ್ರೆ ಸೈಕಲ್ ನಿಮ್ದು. ಇಲ್ದಿದ್ರೆ ಪ್ರಸಾದ ಬಂದು ಬಸ್ ಮೇಲೆ ಹಾಕ್ಕೊಂಡು ಹೋಗ್ತಾನೆ."

ನಾಳೆಯಿಂದಲೇ ತುಳಿಯುತ್ತೇನೆ ಎಂದೆ. ಯಾವ ನಾಳೆ ಎಂದು ಕೇಳಿದಳು. ಕೊಟ್ಟುಬಿಡುವುದೇ ನ್ಯಾಯ ಎಂದು ನನ್ನ ಬುದ್ಧಿಗೂ ಗೊತ್ತಿತ್ತು. ಕೆಲಸಕ್ಕೆ ಹೋಗುವ ಹುಡುಗ ತುಳಿಯುತ್ತಾನೆ, ನಾನು ತುಳಿಯುವುದಿಲ್ಲ. ಆದರೂ ಸೈಕಲ್ ಹೋದರೆ ಅಣ್ಣ ಪೂರ್ತಿ ಹೋದಂತೆ, ಆಮೇಲೆ ಈ ಮನೆಯಲ್ಲಿ ಉಳಿಯುವವನು ತಮ್ಮ ಮಾತ್ರ.

ಅವತ್ತು ಸಂಜೆ, ಕೊನೆಯ ಸಲ ನೋಡಿಕೊಳ್ಳುವವನಂತೆ, ಸೈಕಲ್ಲಿನ ಮೇಲಿನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ತೆಗೆದೆ. ಟವೆಲ್ಲು ತೆಗೆದೆ, ಸೀರೆ ತೆಗೆದೆ, ಆಫೀಸು ಚೀಲ ತೆಗೆದೆ. ಚೀಲದ ಹಿಂದೆ, ಹ್ಯಾಂಡಲ್ಲಿನ ನಡುವೆ, ಗಟ್ಟಿಯಾಗಿ ಕಟ್ಟಿದ್ದ ಒಂದು ಹಳದಿ ಬಟ್ಟೆಯ ಗಂಟು ಇತ್ತು. ಮುಟ್ಟಿ ನೋಡಿದೆ. ಒಳಗೆ ಏನೋ ದುಂಡಗೆ, ಗಟ್ಟಿಯಾಗಿತ್ತು. ಮೈ ಜುಂ ಎಂದಿತು. ಮುಡಿಪು!

ಹರಕೆ ಹೊತ್ತವರು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರಿಗೆಂದು ತೆಗೆದಿಡುವುದು ಎಲ್ಲ ಕಡೆಯೂ ಇದೆ. ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜಿಯ ಕಾಲದಿಂದ ಕಟ್ಟುನಿಟ್ಟಿನ ಕಾನೂನಿದೆ. ಮುಡಿಪು ಕಟ್ಟಿದವರು ಹೇಳಬಾರದು, ಕಂಡವರು ಕೇಳಬಾರದು. ಎಲ್ಲಿ ಕಟ್ಟಿದೆಯೋ ಅಲ್ಲಿಂದ ಬಿಚ್ಚಬಾರದು. ಬಿಚ್ಚುವುದೇನಿದ್ದರೂ ದೇವರ ಮುಂದೆ, ಅದೂ ಕಟ್ಟಿದವರ ಕೈಯಿಂದಲೇ. ನನ್ನ ಚಿಕ್ಕಪ್ಪನ ಆರೋಗ್ಯಕ್ಕೆಂದು ಅಜ್ಜಿ ಒಂದು ಸಲ ಮಂಚದ ಕಾಲಿಗೆ ಮುಡಿಪು ಕಟ್ಟಿ, ಕಡೆಗೆ ಮಂಚವನ್ನೇ ಗಾಡಿಯಲ್ಲಿ ಹೇರಿಕೊಂಡು ದೇವಸ್ಥಾನಕ್ಕೆ ಹೋಗಿದ್ದಳಂತೆ. (ಚಿಕ್ಕಪ್ಪ ಅಷ್ಟರಲ್ಲಿ ಗುಣವಾಗಿ, ಆ ಮಂಚದ ಮೇಲೆಯೇ ಮಲಗಿಕೊಂಡು ಹೋದನಂತೆ.)

ಅಂದರೆ ನನ್ನ ಸೈಕಲ್ಲಿಗೆ ಈ ಮನೆಯ ಯಾರೋ ಹರಕೆ ಕಟ್ಟಿದ್ದಾರೆ. ನಾನು ಮತ್ತೆ ಸೈಕಲ್ ಹತ್ತಲಿ ಎಂದು ದೇವರಲ್ಲಿ ಬೇಡಿಕೊಂಡಿದ್ದಾರೆ. ಬಾಯಲ್ಲಿ ಬಯ್ಯುತ್ತಾ ಒಳಗೊಳಗೇ ಇಷ್ಟು ದೊಡ್ಡ ಆಸೆ ಇಟ್ಟುಕೊಂಡಿದ್ದಾರೆ. ಕಣ್ಣಲ್ಲಿ ನೀರು ಬಂತು. ಬೆಕ್ಕು ಸೀಟಿನ ಮೇಲಿಂದ ನನ್ನನ್ನೇ ನೋಡುತ್ತಿತ್ತು.

ಯಾರು ಕಟ್ಟಿದ್ದು? ಮನೆಯಲ್ಲಿರುವವರು ಇಬ್ಬರೇ, ಹೆಂಡತಿ ಮತ್ತು ಅವ್ವ ಶಾಂತಮಲ್ಲಮ್ಮ. ಮಾರನೆಯ ದಿನ ಬೆಳಿಗ್ಗೆ ನಾಗಲಕ್ಷ್ಮಿ ಒದ್ದೆ ಸೀರೆ ಹಿಡಿದುಕೊಂಡು ಸೈಕಲ್ಲಿನ ಹತ್ತಿರ ಬಂದಳು. ಗಂಟು ನೋಡಿ ತಟ್ಟನೆ ನಿಂತಳು. ಒಂದು ಗಳಿಗೆ ಅವ್ವನ ಮಂಚದ ಕಡೆ ನೋಡಿ, ಸೀರೆಯನ್ನು ಹಿತ್ತಿಲಿಗೆ ತೆಗೆದುಕೊಂಡು ಹೋದಳು. ಓಹೋ, ಇವಳೇ, ನಾಚಿಕೆಪಡುತ್ತಿದ್ದಾಳೆ ಎಂದುಕೊಂಡೆ. ಮಧ್ಯಾಹ್ನ ಅವ್ವ ಎದ್ದು ಬಂದು, ಗಂಟನ್ನು ಕಣ್ಣಿಗೆ ಒತ್ತಿಕೊಂಡು, ಹ್ಯಾಂಡಲ್ಲಿಗೆ ಮೂರು ಬೆರಳಿನ ವಿಭೂತಿ ಎಳೆದಳು. ಓಹೋ, ಅವ್ವನೇ ಎಂದುಕೊಂಡೆ. ಹೀಗೆ ದಿನಕ್ಕೆ ಎರಡು ಸಲ ಖಚಿತವಾಗುತ್ತಾ ಹೋಯಿತು.

ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವ ದೇವರು? ನಮ್ಮ ಮನೆಯವರೆಲ್ಲ ಮಹದೇಶ್ವರನ ಒಕ್ಕಲು. ಮಹದೇಶ್ವರನ ಬೆಟ್ಟವೆಂದರೆ ಕೊಳ್ಳೇಗಾಲದಾಚೆ, ಏರಿದಷ್ಟೂ ಏರು. ಅಲ್ಲಿಗೆ ಸೈಕಲ್ಲಿನಲ್ಲಿ ಹೋದರೆ ದೇವರ ದರ್ಶನ ದಾರಿಯಲ್ಲೇ ಆಗಿಬಿಡುವ ಸಂಭವವಿತ್ತು. ಕೇಳುವಂತಿಲ್ಲವಲ್ಲ. ಊಟಕ್ಕೆ ಕುಳಿತಾಗ ಯಾರಿಗೂ ಅಲ್ಲದಂತೆ, ಈ ಸಲ ಶ್ರಾವಣಕ್ಕೆ ಯಾವ ಕಡೆ ಹೋದರೆ ಒಳ್ಳೆಯದೋ ಎಂದೆ. ಅವ್ವ ಸೊಸೆಯ ಮುಖ ನೋಡಿ, "ಗೋಪಾಲಸ್ವಾಮಿ ಬೆಟ್ಟಕ್ಕೇ ಓಗನ ಕಣಪ್ಪ. ಶನಿವಾರ ಒಳ್ಳೇದು," ಎಂದಳು. ನಾಗಲಕ್ಷ್ಮಿ ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಇತ್ಯರ್ಥವಾಯಿತು. ಮಹದೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಗಂಟು ಬಿಚ್ಚಿ ಜೇಬಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋಗಿ ಬನ್ನಿ ಎಂದು ನಿಂಗರಾಜು ಹೇಳಿದ. ನಮ್ಮ ಮನೆಯ ಕಾನೂನು ಹೇಳಿದೆ. "ಅಂಗಾದ್ರೆ ನೀವು ಸೈಕಲ್ನ ಕರ್ಕಂಡೋಗ್ತಿಲ್ಲ ಸ್ವಾಮ್ಗಳೇ, ಅದೇ ನಿಮ್ಮುನ್ನ ಕರ್ಕಂಡೋಯ್ತದೆ ಬುಡಿ," ಎಂದು ನಕ್ಕ. ಅದು ನನಗೆ ನಗೆಮಾತಾಗಿ ಕಾಣಲಿಲ್ಲ.

ಮಾರನೆಯ ದಿನವೇ ಚಕ್ರಗಳಿಗೆ ಗಾಳಿ ಹೊಡೆಸಿದೆ. ಚೈನಿಗೆ ಎಣ್ಣೆ ಬಿಟ್ಟೆ. ಬೆಕ್ಕನ್ನು ತೆರವು ಮಾಡಿಸಿದೆ. ಮೊದಲ ಬೆಳಿಗ್ಗೆ ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ಏದುಸಿರು ಬಂತು. ಹಿಂದೆ ಆಗಿದ್ದರೆ ಅಲ್ಲಿಂದಲೇ ತಿರುಗುತ್ತಿದ್ದೆ. ಈಗ ಕಣ್ಣೆದುರಿಗೆ ಆ ಹಳದಿ ಗಂಟು ಅಲ್ಲಾಡುತ್ತಿತ್ತು. ನನ್ನ ಕಾಲಿಗೆ ಸುಳ್ಳು ಹೇಳಬಹುದು, ಅದಕ್ಕೆ ಹೇಗೆ ಹೇಳಲಿ? ಇನ್ನು ಆ ಮರದವರೆಗೆ, ಇನ್ನು ಆ ಸೇತುವೆಯವರೆಗೆ ಎಂದು ತುಳಿದೆ. ವಾರ ಕಳೆಯುವಷ್ಟರಲ್ಲಿ ಊಟಿ ರಸ್ತೆಯಲ್ಲಿ ಊರು ದಾಟಿದೆ. ಆಮೇಲೆ ಒಂದು ದಿನ, ಯಾವ ದಿನ ಎಂದು ಗೊತ್ತಿಲ್ಲ, ಏದುಸಿರು ಮರೆತುಹೋಗಿ ಎರಡೂ ಕಡೆಯ ಚೆಂಡುಹೂವಿನ ಹೊಲ ನೋಡುತ್ತಾ ಹೋಗುತ್ತಿದ್ದೆ. ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ. ಅದರ ಜೊತೆ ನೀಲಗಿರಿ ಎಣ್ಣೆಯಂಥ ಒಂದು ಸಣ್ಣ ವಾಸನೆ. ಊಟಿಯಿಂದ ಇಲ್ಲಿಯವರೆಗೆ ಗಾಳಿ ಬೀಸುತ್ತದೆಯಲ್ಲ ಎಂದು ಸಂತೋಷಪಟ್ಟೆ.

ಮನೆಯೊಳಗೂ ಗಾಳಿ ಬದಲಾಯಿತು. ಬೆಳಿಗ್ಗೆ ಐದು ಗಂಟೆಗೆ ನಾನು ಎದ್ದರೆ ಒಲೆಯ ಮೇಲೆ ಕಾಫಿ ಸಿದ್ಧವಾಗಿರುತ್ತಿತ್ತು. ನಾಗಲಕ್ಷ್ಮಿ ಲೋಟವನ್ನು ಕೈಗೆ ಕೊಟ್ಟು, ನಿಧಾನವಾಗಿ ಹೋಗಿ ಬನ್ನಿ ಎನ್ನುತ್ತಿದ್ದಳು. (ಮೊದಲ ದಿನ ಯಾರಿಗೆ ಹೇಳುತ್ತಿದ್ದಾಳೆ ಎಂದು ಹಿಂದೆ ತಿರುಗಿ ನೋಡಿದೆ.) ಅತ್ತೆ ಸೊಸೆಯರ ನಡುವೆ ಸಾರಿನ ಉಪ್ಪಿನ ವಿಚಾರದಲ್ಲಿ ನಮ್ಮ ಮನೆಯಲ್ಲಿ ನಿತ್ಯ ಒಂದು ಸಣ್ಣ ಕಾಳಗ ನಡೆಯಬೇಕು. ಅದು ನಿಂತೇಹೋಯಿತು. ಸೊಸೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅತ್ತೆ ಸೊಸೆಗೆ ಅಕ್ಕಿಯ ಕಲ್ಲು ಆರಿಸಿಕೊಡುತ್ತಾ ಕುಳಿತಿರುತ್ತಿದ್ದಳು. ಒಬ್ಬರನ್ನೊಬ್ಬರು ಗೌರವದಿಂದ ನೋಡುತ್ತಿದ್ದರು. ಮನೆ ಎಷ್ಟು ಶಾಂತವಾಯಿತೆಂದರೆ ಪಕ್ಕದ ಮನೆಯವರು ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು.

ಆಷಾಢದ ಜಿಟಿಜಿಟಿ ಹಿಡಿದಾಗ ಇನ್ನೊಂದು ವಿಶೇಷ ನಡೆಯಿತು. ಗಂಟು ಒದ್ದೆಯಾಗತೊಡಗಿತು. ಸೈಕಲ್ಲು ಮನೆಯೊಳಗೇ ನಿಂತಿದ್ದರೂ, ಮೇಲಿಂದ ಒಂದು ಹನಿ ಬೀಳದಿದ್ದರೂ, ಗಂಟಿನಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಪ್ಯಾಂಟಿನ ಮೇಲೆಲ್ಲ ಹಳದಿ ಕಲೆ. ನಾನು ಗಾಬರಿಯಿಂದ ಅವ್ವನಿಗೆ ತೋರಿಸಿದೆ.

ಅವ್ವ ಬಹಳ ಹೊತ್ತು ನೋಡಿ, "ನೀನೊಬ್ನೇ ತುಳೀತಿಲ್ಲ ಕಣ ಮಗ. ಸ್ವಾಮೀನೂ ನಿನ್ ಜೊತೇಲಿ ಬೆವರ್ತಾವ್ನೆ," ಎಂದಳು.

ಮಾರನೆಯ ದಿನ ನಾನು ಹಂಗಳದವರೆಗೆ ಒಂದೇ ಉಸಿರಿಗೆ ತುಳಿದೆ.

ಶ್ರಾವಣದ ಶನಿವಾರ ಬಂತು. ನಾಗಲಕ್ಷ್ಮಿ ಮತ್ತು ಅವ್ವ ಬೀದಿಯವರ ಜೊತೆ ಟೆಂಪೋದಲ್ಲಿ ಹೊರಟರು. ನಾನು ಅವರಿಗಿಂತ ಬಹಳ ಮೊದಲೇ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಬಿಳಿ ಪಂಚೆ ಎತ್ತಿ ಕಟ್ಟಿ ಸೈಕಲ್ ಏರಿದೆ. ಹಂಗಳ ದಾಟಿ ಬಲಕ್ಕೆ ತಿರುಗಿ ಬೆಟ್ಟದ ಬುಡ ಮುಟ್ಟಿದಾಗ ಬಿಸಿಲು ಆಗ ತಾನೇ ಏರುತ್ತಿತ್ತು. ಗೇಟಿನಲ್ಲಿದ್ದ ಗಾರ್ಡು ನನ್ನನ್ನೂ ಸೈಕಲ್ಲನ್ನೂ ನೋಡಿ, ಮೇಲೆ ಆನೆಗಳಿವೆ, ಅವು ಬೆಲ್ ಹೊಡೆದರೆ ದಾರಿ ಬಿಡುವುದಿಲ್ಲ ಎಂದ. ಹಳದಿ ಗಂಟು ತೋರಿಸಿದೆ. ಅವನ ಮುಖ ಬದಲಾಯಿತು. ಟೋಪಿ ತೆಗೆದು ಗಂಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಜನದ ಜೊತೆಯೇ ಹೋಗಿ, ಒಬ್ಬರೇ ಹೋಗಬೇಡಿ ಎಂದು ಗೇಟು ಬಿಟ್ಟ.

ಬೆಟ್ಟದ ಏರಿನಲ್ಲಿ ತುಳಿಯುವ ಮಾತಿಲ್ಲ. ತಳ್ಳಿದೆ. ನಡೆದು ಹೋಗುತ್ತಿದ್ದ ಭಕ್ತರು ಮೊದಲು ನಕ್ಕರು. ಆಮೇಲೆ ಯಾರೋ ಗಂಟು ನೋಡಿ, ಹರಕೆ ಸೈಕಲ್ಲು ಎಂದರು. ಆ ಮಾತು ನನಗಿಂತ ಬೇಗ ಬೆಟ್ಟ ಹತ್ತಿತು. ತಿರುವಿನಲ್ಲೆಲ್ಲ ಜನ ನಿಂತು ಕಾಯುತ್ತಿದ್ದರು. ಹಿಂದಿನಿಂದ ಇಬ್ಬರು ತಳ್ಳಿದರು. ಒಬ್ಬಳು ಮುದುಕಿ, ಚಿಕ್ಕಮಾದಮ್ಮ ಎಂದು ಹೆಸರು ಹೇಳಿಕೊಂಡವಳು, ದೇವರಿಗೆಂದು ತಂದಿದ್ದ ಸೇವಂತಿಗೆ ಮಾಲೆಯನ್ನು ಹ್ಯಾಂಡಲ್ಲಿಗೆ ಹಾಕಿ, ಸೀಟಿಗೆ ಅಡ್ಡಬಿದ್ದಳು. ಯಾವ ಕಷ್ಟಕ್ಕೆ ಹರಕೆ ಎಂದು ಕೆಲವರು ಕೇಳಿದರು. ಹೇಳಬಾರದು ಎಂದೆ. ಅದರಿಂದ ಭಕ್ತಿ ಇನ್ನೂ ಹೆಚ್ಚಾಯಿತು. ಶಿಖರ ತಲುಪುವಾಗ ನನ್ನ ಹಿಂದೆ ಒಂದು ಮೆರವಣಿಗೆಯೇ ಇತ್ತು. ಮಂಡಿಗಳೆರಡೂ ಉರಿಯುತ್ತಿದ್ದವು. ಆದರೆ ಹೃದಯ ತುಂಬಿತ್ತು, ಸುಳ್ಳು ಯಾಕೆ ಹೇಳಲಿ, ನನ್ನ ಜನ್ಮದಲ್ಲಿ ಅಷ್ಟು ಸಂತೋಷ ನಾನು ಪಟ್ಟಿರಲಿಲ್ಲ.

ದೇವಸ್ಥಾನದ ಮೆಟ್ಟಿಲ ಕೆಳಗೆ, ಬೀಸುವ ಮಂಜಿನಲ್ಲಿ ಅವ್ವ ಮತ್ತು ನಾಗಲಕ್ಷ್ಮಿ ಕಾಯುತ್ತಿದ್ದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದೆ. ಗಲಾಟೆ ಕೇಳಿ ಅರ್ಚಕರು ತಟ್ಟೆ ಹಿಡಿದುಕೊಂಡು ಹೊರಗೆ ಬಂದರು. ವಿಷಯ ಕೇಳಿ, ಕಟ್ಟಿದವರು ಬಂದು ಬಿಚ್ಚಿ ಎಂದರು. ಮೂವರೂ ಕೈಮುಗಿದು ನಿಂತೆವು. ಯಾರೂ ಮುಂದೆ ಬರಲಿಲ್ಲ.

"ಬಿಚ್ಚು ಕಣಮ್ಮಿ, ನಾಚ್ಕೆ ಯಾಕೆ," ಎಂದಳು ಅವ್ವ.

"ನಾನ್ಯಾಕತ್ತೆ, ನೀವಲ್ವಾ?" ಎಂದಳು ನಾಗಲಕ್ಷ್ಮಿ.

"ನಾನೆಲ್ಲಿ ಕಟ್ದೆ? ನೀನು ಗಂಡುನ್ಗೆ ಅಂತ ಕಟ್ಟಿದ್ದೀಯೆ ಅಂತಲ್ವಾ ನಾನು ದಿನಾ ಈಬೂತಿ ಇಟ್ಟಿದ್ದು."

"ನೀವು ಮಗನಿಗೆ ಅಂತ ಕಟ್ಟಿದ್ದೀರ ಅಂತಲ್ವಾ ಅತ್ತೆ ನಾನು ಪ್ರಸಾದನ್ಗೆ ಬರಬೇಡ ಅಂದಿದ್ದು."

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅರ್ಚಕರು ತಟ್ಟೆ ಪಕ್ಕಕ್ಕಿಟ್ಟು ತಾವೇ ಕೈಹಾಕಿದರು. ಗಂಟು ಕಲ್ಲಾಗಿತ್ತು. ಹಲ್ಲು ಕಚ್ಚಿ ಎಳೆದು ಬಿಚ್ಚಿದರು. ಒಳಗೆ ಕಾಸಿರಲಿಲ್ಲ. ಅರಿಶಿನ ಕಲಸಿ, ಮಳೆಗಾಲದ ತೇವಕ್ಕೆ ಕರಗಿ, ಮತ್ತೆ ಗಟ್ಟಿಯಾಗಿದ್ದ ಕಲ್ಲುಪ್ಪಿನ ಮುದ್ದೆ ಇತ್ತು. ಅರ್ಚಕರು ಮೂಗಿನ ಹತ್ತಿರ ಹಿಡಿದು ನೋಡಿದರು. ನೀಲಗಿರಿ ಎಣ್ಣೆಯ ವಾಸನೆ ನನ್ನವರೆಗೂ ಬಂತು.

"ಇದು ಶಾಖ ಕೊಡೋ ಗಂಟು," ಎಂದರು ಅರ್ಚಕರು. "ಯಾರಿಗಪ್ಪಾ ಮಂಡಿನೋವು?"

ಆಗ ನನಗೆ ಎಲ್ಲ ನೆನಪಾಯಿತು. ಬೇಗೂರಿನ ಕೊನೆಯ ವಾರ. ನಾಗಲಕ್ಷ್ಮಿ ಉಪ್ಪು, ಅರಿಶಿನ, ನೀಲಗಿರಿ ಎಣ್ಣೆ ಸೇರಿಸಿ ಕಟ್ಟಿಕೊಟ್ಟ ಗಂಟು. ಹೋಟೆಲಿನವನ ಒಲೆಯ ಮೇಲೆ ಅದನ್ನು ಕಾಯಿಸಿ ಮಂಡಿಗೆ ಇಟ್ಟುಕೊಂಡು, ಸಂಜೆ ಮನೆಗೆ ಹೊರಡುವಾಗ ಕಳೆದುಹೋಗದಿರಲಿ ಎಂದು ಹ್ಯಾಂಡಲ್ಲಿಗೆ 'ಭದ್ರವಾಗಿ' ಕಟ್ಟಿದ ಕೈ ಇದೇ. ನಾಗಲಕ್ಷ್ಮಿ ಬಟ್ಟೆಯನ್ನು ಬಿಡಿಸಿ ನೋಡಿ, ಇದು ನನ್ನ ಹಳೇ ಲಂಗದ ತುಂಡು, ಆಗ ಕೇಳಿದ್ದಕ್ಕೆ ಬೇಗೂರಲ್ಲೇ ಬಿಟ್ಟು ಬಂದೆ ಅಂದ್ರಲ್ಲ ಎಂದಳು. ಹೌದು, ಹಾಗೆಯೇ ಹೇಳಿದ್ದೆ. ಚಿಕ್ಕಮಾದಮ್ಮ ಮುಂದೆ ಬಂದು ಹ್ಯಾಂಡಲ್ಲಿನಿಂದ ತನ್ನ ಮಾಲೆಯನ್ನು ವಾಪಸು ತೆಗೆದುಕೊಂಡಳು.

ಆ ಹೊತ್ತಿಗೇ ಗುಂಪಿನಿಂದ ಒಂದು ತಲೆ ಇಣುಕಿತು. ಬೇಗೂರಿನ ಮರಿಮಲ್ಲಪ್ಪ. ಸೈಕಲ್ಲನ್ನು ಮುಟ್ಟಿ ನೋಡಿ, "ಬುದ್ಧಿ, ಇದು ನಿಮ್ಮಣ್ಣೋರ ಸೈಕಲ್ ಅಲ್ವಾ?" ಎಂದ.

ಅವನಿಗೆ ಉತ್ತರ ಕೊಡುವ ಮೊದಲೇ ಅವ್ವ ಅಳಲು ಶುರುಮಾಡಿದ್ದಳು. ಮಂಡಿಗೆ ಇಟ್ಟ ಗಂಟನ್ನು ಮುಡಿಪು ಅಂತ ದೇವರ ಮುಂದೆ ತಂದೆವಲ್ಲ, ದಿನಾ ಅದಕ್ಕೆ ವಿಭೂತಿ ಹಚ್ಚಿದೆನಲ್ಲ, ಎಂಥ ಅಪಚಾರವಾಯಿತು ಎಂದು. ಅರ್ಚಕರು ಪಾಪ, ದೇವರಿಗೆ ಉಪ್ಪಾದರೇನು ಕಾಸಾದರೇನು ಎಂದು ಸಮಾಧಾನ ಹೇಳಿದರು. ಅವ್ವ ಕೇಳಲಿಲ್ಲ. ತಪ್ಪುಗಾಣಿಕೆ ಕೊಡಲೇಬೇಕು ಎಂದು ಹಟ ಹಿಡಿದಳು. ನಾಗಲಕ್ಷ್ಮಿಯ ಕೈಯಿಂದ ಆ ಬಟ್ಟೆಯನ್ನು ಕಿತ್ತುಕೊಂಡು, ಮಡಿಲಿನಿಂದ ಒಂದು ಕಾಸು ತೆಗೆದು ಕಟ್ಟಿ, ನನ್ನ ಹ್ಯಾಂಡಲ್ಲಿಗೆ ಬಿಗಿದಳು. ಮನೆಯ ಕಾನೂನನ್ನು ಮುರಿದು, ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

"ಸ್ವಾಮಿ, ನನ್ ಮಗ ಬದ್ಕಿರೋಗಂಟ, ವರ್ಸ ವರ್ಸಾನೂ ಶ್ರಾವಣದಲ್ಲಿ ಇದೇ ಸೈಕಲ್ ತುಳ್ಕೊಂಡು ನಿನ್ ಬೆಟ್ಟುಕ್ ಬತ್ತಾನೆ. ತಪ್ಪಾಯ್ತು, ಒಟ್ಟೆಗಾಕೊ."

ಜನವೆಲ್ಲ ಗೋವಿಂದಾ ಎಂದರು. ನನ್ನನ್ನು ಯಾರೂ ಕೇಳಲಿಲ್ಲ.

ಅವ್ವ ಟೆಂಪೋದಲ್ಲಿ ಇಳಿದಳು. ನಾಗಲಕ್ಷ್ಮಿ ಯಾಕೋ ನನ್ನ ಜೊತೆ ನಡೆದು ಬರುತ್ತೇನೆ ಎಂದಳು. ಬ್ರೇಕ್ ಹಿಡಿದುಕೊಂಡು ಸೈಕಲ್ ಇಳಿಸಿದೆ. ನನಗೆ ನಿಜವಾಗಿಯೂ ನೋವಾಗಿತ್ತು. ಇಷ್ಟು ದಿನ ಯಾರದೋ ಆಸೆಯನ್ನು ಹೊತ್ತು ತುಳಿಯುತ್ತಿದ್ದೇನೆ ಎಂದುಕೊಂಡಿದ್ದೆ. ಹೊತ್ತದ್ದು ಉಪ್ಪು. ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಹಾಗಾದ್ರೆ ನನಗೋಸ್ಕರ ಯಾರೂ ಹರಕೆ ಹೊತ್ತಿರಲಿಲ್ಲ."

ಅವಳು ಚಕ್ರಕ್ಕೆ ಅಡ್ಡವಿದ್ದ ಕಲ್ಲೊಂದನ್ನು ಕಾಲಿನಿಂದ ಸರಿಸಿದಳು. ಆಮೇಲೆ, "ಎರಡು ತಿಂಗಳಿಂದ ಬೆಳಿಗ್ಗೆ ಐದು ಗಂಟೆಗೆ ಎದ್ದು ಕಾಫಿ ಕಾಯಿಸಿದ್ದು ಗೋಪಾಲಸ್ವಾಮಿಗಾ?" ಎಂದಳು. "ಆ ಉಪ್ಪಿನ ಗಂಟು ಕಟ್ಟಿಕೊಟ್ಟವಳೂ ನಾನೇ ಅಲ್ವಾ. ಅದಕ್ಕೆ ಬೇರೆ ಹರಕೆ ಬೇಕಿತ್ತಾ ನಿಮಗೆ."

ಬೆಟ್ಟದ ಬುಡದಲ್ಲಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯಾರಿಯರ್ ಮೇಲೆ ಕುಳಿತಳು. ಹಂಗಳದವರೆಗೆ ನನ್ನ ಅಂಗಿ ಹಿಡಿದುಕೊಂಡಿದ್ದಳು. (ಮದುವೆಯಾದ ವರ್ಷಕ್ಕೂ ಈಗಕ್ಕೂ ನಮ್ಮಿಬ್ಬರ ತೂಕದಲ್ಲಿ ಆದ ಪ್ರಗತಿಯನ್ನು ನನ್ನ ಮಂಡಿಗಳು ಒಂದೊಂದು ತುಳಿತಕ್ಕೂ ಹೇಳುತ್ತಿದ್ದವು. ನಾನು ಅವುಗಳ ಮಾತಿಗೆ ಕಿವಿಗೊಡಲಿಲ್ಲ.) ಎಲ್ಲಾದರೂ ನಿಲ್ಲಿಸಿ ಎಂದು ಅವಳೂ ಹೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮಾರನೆಯ ದಿನ ಏಳಲು ಹೋದರೆ ಮಂಡಿ ಮಡಚಲಿಲ್ಲ. ಎರಡೂ ಮಂಡಿ ಊದಿ ಕುಂಬಳಕಾಯಿಯಾಗಿದ್ದವು. ನಾಗಲಕ್ಷ್ಮಿ ಹೊಸದಾಗಿ ಎರಡು ಉಪ್ಪಿನ ಗಂಟು ಕಟ್ಟಿ ಶಾಖ ಕೊಟ್ಟಳು. ಶಾಖ ತೆಗೆದುಕೊಳ್ಳುತ್ತಾ ಮಲಗಿ ಯೋಚಿಸಿದೆ. ಅಣ್ಣನೂ ಬೇಡ, ಅವನ ಕೀರ್ತಿಯೂ ಬೇಡ, ತಮ್ಮನಾಗಿಯೇ ಬದುಕಿದರೆ ನಷ್ಟವೇನು ಎನ್ನಿಸತೊಡಗಿತು. ನಾನು ಅಷ್ಟು ಕಷ್ಟಪಟ್ಟು ಸಂಪಾದಿಸಿದ್ದ ಉತ್ಸಾಹವೆಲ್ಲ ಆ ಗಂಟು ಬಿಚ್ಚಿದಾಗಲೇ ಮಂಜಿನಲ್ಲಿ ಹಾರಿಹೋಗಿತ್ತು.

ಅದೇ ಹೊತ್ತಿಗೆ, ದೇವರು ಕಳಿಸಿದ ಹಾಗೆ, ಬಸವಪ್ರಸಾದ ಬಂದ. ಬರಬೇಡ ಎಂದು ಅಕ್ಕ ಹೇಳಿ ಕಳಿಸಿದ್ದಕ್ಕೆ ಕಾರಣ ಕೇಳಲು ಬಂದಿದ್ದ. ಆಸೆಗೆ ಒಂದು ಹಗ್ಗವನ್ನೂ ತಂದಿದ್ದ. ನಾನು ಮಲಗಿದಲ್ಲಿಂದಲೇ, ತಗೊಂಡು ಹೋಗು ಪ್ರಸಾದ, ನಿನಗೇ ಬೇಕಾದದ್ದು, ಬಸ್ಸಿನ ಮೇಲೆ ಹಾಕಲು ನಾನೂ ಕೈಜೋಡಿಸುತ್ತೇನೆ ಎಂದು ಪಿಸುಗುಟ್ಟಿದೆ. ಅವನು ಹಗ್ಗ ಬಿಚ್ಚುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಸೈಕಲ್ಲಿನ ಎರಡು ಕಡೆ ನಿಂತಿದ್ದರು. ನಮ್ಮ ಮನೆಯಲ್ಲಿ ಅವರಿಬ್ಬರೂ ಒಂದೇ ಕಡೆ ನಿಂತದ್ದು ಅಪರೂಪ.

"ಮುಟ್ಬೇಡ ಕಣ್ಲಾ," ಎಂದಳು ನಾಗಲಕ್ಷ್ಮಿ ತನ್ನ ಸ್ವಂತ ತಮ್ಮನಿಗೆ. "ಅದು ದೇವರ ಸೈಕಲ್ಲು. ನಿಂಗೆ ಬೇರೆ ಕೊಡಿಸ್ತಾರೆ ನಿಮ್ ಬಾವ."

ಪ್ರಸಾದ ಹಗ್ಗ ಮಡಚಿ, ಹಳದಿ ಗಂಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಎರಡು ಮುದ್ದೆ ಊಟ ಮಾಡಿ, ಯಾವ ಕಂಪನಿ ಸೈಕಲ್ಲು ಒಳ್ಳೆಯದು ಎಂದು ನನ್ನನ್ನು ವಿಚಾರಿಸಿಕೊಂಡು ಬಸ್ಸು ಹತ್ತಿದ.

ಈಗ ಹೊಲಿಗೆ ಮಿಷನ್ನು ನಮ್ಮ ನಡುಮನೆಗೆ ಬಂದಿದೆ. ಸೈಕಲ್ಲು ಜಗಲಿಯ ಮೇಲೆ ನಿಲ್ಲುತ್ತದೆ. ಮುಂದಿನ ಶ್ರಾವಣಕ್ಕೆ ಮಂಡಿ ಹದವಾಗಿರಬೇಕು ಎಂದು ಅವ್ವನ ಅಪ್ಪಣೆ, ಆದ್ದರಿಂದ ಅಭ್ಯಾಸ ಒಂದು ದಿನವೂ ತಪ್ಪುವಂತಿಲ್ಲ. ಬೆಳಿಗ್ಗೆ ಐದು ಗಂಟೆಗೆ ನಾಗಲಕ್ಷ್ಮಿ ಎದ್ದು ಕಾಫಿ ಕಾಯಿಸುತ್ತಾಳೆ. ಆದರೆ ಈಗ ಲೋಟವನ್ನು ನನ್ನ ಕೈಗೆ ಕೊಡುವುದಿಲ್ಲ. ಹೊರಗೆ ಹೋಗಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಇಟ್ಟು ಬಂದು ಮಲಗುತ್ತಾಳೆ. ಉತ್ಸಾಹ ಇನ್ನೂ ವಾಪಸು ಬಂದಿಲ್ಲ. ಕಾಫಿ ಆರಿಹೋಗುತ್ತದಲ್ಲ ಎಂದು ನಾನೇ ಎದ್ದು ಹೋಗುತ್ತೇನೆ.